ಹೆಸರು ಹೇಳದ ಪೆಟ್ಟಿಗೆಗಳೂ ಚಪ್ಪಲಿ ಕಾಯೋ ಗವಿರಂಗಯ್ಯನೂ

ಇದು ನಡೆದದ್ದು. ಈ ಉರೀತಾ ಇರೋ ಬೆಂಕಿ ಮುಟ್ಟಿ ಹೇಳ್ತೀನಿ, ನಡೆದದ್ದೇ. ಮುಟ್ಟಲ್ಲ, ಸುಡುತ್ತೆ, ಆದ್ರೆ ಮುಟ್ಟಿದಂಗೇ ಅಂದ್ಕಳಿ. ಸುಳ್ಳಾಗಿದ್ರೆ ನನ್ನ ಬಾಯಲ್ಲಿರೋ ಐದು ಹಲ್ಲೂ ಈಗ್ಲೇ ಉದುರಿಹೋಗ್ಲಿ. ನೋಡಿ, ಎಣಿಸ್ಕಳಿ. ಐದೂ ಅವೆ. ಹಂಗಾರೆ ನಿಜ ತಾನೇ? ಓದಿದೋರು ಪುಸ್ತಕ ತೋರಿಸ್ತಾರೆ, ನಾನು ಹಲ್ಲು ತೋರಿಸ್ತೀನಿ. ಮುಂದಕ್ಕೆ ಸರೀರಿ, ಹೊಗೆ ಈ ಕಡೆಗೇ ಬತ್ತಾ ಐತೆ.

ಒಂದಾನೊಂದು ಊರಲ್ಲಿ. ಊರು ಅಂದ್ರೆ ಪೂರ್ತಿ ಊರಲ್ಲ, ಮುಕ್ಕಾಲು ಊರು. ಉಳಿದ ಕಾಲುಭಾಗ ಪಕ್ಕದೂರೋರು ಮದುವೆಗೆ ಅಂತ ಇಸ್ಕಂಡು ಹೋದೋರು ಇನ್ನೂ ತಂದು ಕೊಟ್ಟಿರ್ಲಿಲ್ಲ. ಆ ಮುಕ್ಕಾಲು ಊರಿಗೆ ಒಬ್ಬ ಪೂರ್ತಿ ರಾಜ. ಮಂಚರಾಯ ಅಂತ. ಹುಟ್ಟಿದ್ದು ಮಂಚದ ಮೇಲೆ, ಪಟ್ಟ ಕಟ್ಟಿದ್ದು ಮಂಚದ ಮೇಲೆ, ಯುದ್ಧಕ್ಕೆ ಹೋದದ್ದೂ ಮಂಚದ ಮೇಲೇ. ನಾಕು ಜನ ಹೊತ್ಕಂಡು ಹೋದ್ರು. ಎದುರಿನ ರಾಜ ಯಾರದೋ ಹೆಣ ಬಂತು ಅಂದ್ಕಂಡು ಕೈಮುಗಿದು ದಾರಿ ಬಿಟ್ಟ. ಯುದ್ಧ ಗೆದ್ದಂಗಾಯ್ತು.

ಈ ರಾಜನಿಗೆ ರಾಜ್ಯದ ಚಿಂತೆ ಇರ್ಲಿಲ್ಲ. ಇದ್ದದ್ದು ಒಂದೇ ಚಿಂತೆ. ಇವತ್ತು ಏನು ಸಾರು?

ಅಡುಗೆಮನೆ ಅರಮನೆಯ ಆ ತುದಿಗೆ. ಮಂಚ ಈ ತುದಿಗೆ. ನಡುವೆ ಹದಿನೆಂಟು ಕೋಣೆ. ಆಳು ಹೋಗಿ ಕೇಳೋನು. "ಬಸ್ಸಾರು" ಅನ್ನೋರು. ಬಸ್ಸಾರು ಬಸ್ಸಾರು ಬಸ್ಸಾರು ಅನ್ಕಂಡು ಬರೋನು. ಒಂಬತ್ತನೇ ಕೋಣೆ ಹೊಸಿಲು ಎಡವಿ ಬೀಳೋನು. ಉಪ್ಸಾರು ಉಪ್ಸಾರು ಅನ್ಕಂಡು ಏಳೋನು. ರಾಜ ಉಪ್ಸಾರಿಗೆ ಅಂತ ಬಾಯಲ್ಲಿ ನೀರೂರಿಸ್ಕಂಡು ಕೂತ್ರೆ, ತಟ್ಟೆಗೆ ಬೀಳೋದು ಬಸ್ಸಾರು. ಬಸ್ಸಾರಿಗೆ ಊರೋ ನೀರೇ ಬೇರೆ, ಉಪ್ಸಾರಿಗೆ ಊರೋ ನೀರೇ ಬೇರೆ. ರಾಜನ ಬಾಯಿ ತಬ್ಬಿಬ್ಬಾಗೋದು. ಊಟ ಬಿಟ್ಟು ಅಳೋನು. ರಾಜ ಅತ್ರೆ ಊರೆಲ್ಲ ಅಳ್ಬೇಕು, ಕಾನೂನು. ಮುಕ್ಕಾಲು ಊರು ದಿನಾ ಮಧ್ಯಾಹ್ನ ಕೂತ್ಕಂಡು ಅಳೋದು.

ಆಗ ಪೇಟೆಯಿಂದ ಒಬ್ಬ ಸಾಬಿ ಬಂದ, ಇಪ್ಪತ್ತು ಕಂಪ್ಯೂಟ್ರು ಪೆಟ್ಟಿಗೆ ಗಾಡಿ ಮೇಲೆ ಹೇರ್ಕಂಡು. "ಕೋಣೆಗೊಂದು ಇಡಿ ಬುದ್ದಿ. ನಡುವೆ ತಂತಿ ಎಳೀರಿ. ಈ ಪೆಟ್ಟಿಗೆಗೆ ಹೇಳಿದ್ದು ಆ ಪೆಟ್ಟಿಗೆಗೆ ಕೇಳುತ್ತೆ. ಎಡವೋದಿಲ್ಲ, ಕಾಲೇ ಇಲ್ಲ," ಅಂದ. ರಾಜ ಇಪ್ಪತ್ತನ್ನೂ ತಗಂಡ. ಬಟ್ಟೆ ಒಣಗಾಕೋ ತಂತಿನೇ ಕೋಣೆಯಿಂದ ಕೋಣೆಗೆ ಎಳೆಸಿದ.

ಅಷ್ಟರಲ್ಲಿ ರಾಜನ ತಾಯಿ ದೊಡ್ಡವ್ವಾರು ಬಾಗಿಲಿಗೆ ಅಡ್ಡ ನಿಂತ್ಲು. "ನಮ್ಮನೆಗೆ ಹೊಸದಾಗಿ ಬರೋ ಹೆಣ್ಣುಮಕ್ಕಳು ಸೇರು ಒದ್ದು ಒಳಗೆ ಬರಬೇಕು."

"ಅವ್ವ, ಅವು ಪೆಟ್ಟಿಗೆ."

"ಪೆಟ್ಟಿಗೆ ಅಂದ್ರೆ ಹೆಣ್ಣೇ. ಮೈ ತುಂಬ ತಂತಿ ಸುತ್ಕಂಡು ತಲೆ ತಗ್ಗಿಸ್ಕಂಡು ನಿಂತವೆ, ಕಾಣಲ್ವ?"

ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ರು. ಪೆಟ್ಟಿಗೆಗೆ ಕಾಲಿಲ್ಲ. ಒಂದೊಂದೂ ಮೂತಿಯಿಂದ ನೂಕ್ತು. ಸೇರು ಬಿತ್ತು, ಅಕ್ಕಿ ಚೆಲ್ತು. ಅಲ್ಲಿಗೆ ಮುಗೀತು. ಇಪ್ಪತ್ತು ಪೆಟ್ಟಿಗೇನೂ ಅರಮನೆ ಸೊಸೇರಾದ್ವು.

ಎಡವಟ್ಟಾಗಿದ್ದೇ ಅಲ್ಲಿ. ಗಂಡನ ಮನೆಯೋರ ಹೆಸರು ಸೊಸೆ ಬಾಯಲ್ಲಿ ಬರಬಹುದಾ? ಬರಂಗಿಲ್ಲ.

ರಾಜ ತನ್ನ ಪೆಟ್ಟಿಗೆಗೆ ಅಂದ, "ಅಡುಗೆಮನೇನ ಕೇಳು, ಏನು ಸಾರು?"

ಪೆಟ್ಟಿಗೆ ಗಂಟಲು ಸರಿ ಮಾಡ್ಕಂತು. "ರೀ!" ಅಂತು.

ರೀ ಅಂದ್ರೆ ಯಾರಿಗೆ? ಎಲ್ಲರಿಗೂ. ಹತ್ತೊಂಬತ್ತು ಪೆಟ್ಟಿಗೇನೂ "ಏನ್ರೀ?" ಅಂದ್ವು. ಬಾಗಿಲಲ್ಲಿದ್ದ ಕಾವಲುಗಾರ್ರೂ "ಏನೇ?" ಅಂದ್ರು. ಬೀದೀಲಿ ಹೋಗ್ತಿದ್ದ ಮದುವೆ ಆದ ಗಂಡಸ್ರೆಲ್ಲ ತಿರುಗಿ ನೋಡಿ "ಬಂದೆ, ಬಂದೆ" ಅಂದ್ರು.

"ಏನ್ರೀ ಇವತ್ತು ಸಾರು?"

"ಬಿಸಿನೀರು!" ಅಂತು ಬಚ್ಚಲಮನೆ ಪೆಟ್ಟಿಗೆ. "ಹಿಂಡಿ ಬೂಸ!" ಅಂತು ಕೊಟ್ಟಿಗೆ ಪೆಟ್ಟಿಗೆ. "ಹನ್ನೆರಡು ಕತ್ತಿ, ಒಂದು ಈಟಿ!" ಅಂತು ಆಯುಧದ ಕೋಣೇದು. ಇದರ ನಡುವೆ ಅಡುಗೆಮನೇದು "ಮಸೊಪ್ಪು" ಅಂದದ್ದು ಯಾರಿಗೂ ಕೇಳ್ಲಿಲ್ಲ. ರಾಜ ಈಟಿಗೆ ಬಾಯಲ್ಲಿ ನೀರೂರಿಸಕ್ಕೆ ಹೋದ. ಆಗ್ಲಿಲ್ಲ. ಅತ್ತ. ಊರೂ ಅತ್ತು.

"ಅವ್ವ, ಹೆಸರು ಹಿಡಿದು ಕರೆಯಕ್ಕೆ ಬಿಡವ್ವ."

"ನಾಲಿಗೆ ಉದುರಿಹೋಗುತ್ತೆ."

"ಅವಕ್ಕೆ ನಾಲಿಗೆ ಇಲ್ಲವ್ವ."

"ಉದುರೇ ಹೋಗೈತೆ ನೋಡು!"

ರಾಜ ಮೂರು ದಿನ ಯೋಚನೆ ಮಾಡಿದ. ನಾಕನೇ ದಿನ ಕೇಳಿದ, "ಅವ್ವ, ನಂಬರ್ ಹಿಡಿದು ಕರೆದ್ರೆ?"

ದೊಡ್ಡವ್ವಾರೂ ಯೋಚನೆ ಮಾಡಿದ್ಲು. "ನಂಬರು ಹೆಸರಲ್ಲ. ಬಸ್ಸಿಗೂ ನಂಬರೈತೆ. ಬಸ್ಸು ಯಾರಿಗೆ ಗಂಡ? ಕರೀಲಿ."

ಹಂಗಾರೆ ನಂಬರು ಕೊಡೋರು ಯಾರು? ಮಂತ್ರಿಗೆ ನಾಕರ ಮೇಲೆ ಎಣಿಸಕ್ಕೆ ಬರ್ತಿರ್ಲಿಲ್ಲ, ಮಂಚ ಹೊರೋಕೆ ನಾಕು ಜನ ಸಾಕು ಅಂತ ಅಷ್ಟೇ ಕಲ್ತಿದ್ದ. ಇಡೀ ಅರಮನೇಲಿ ನಂಬರಿನ ಕಸುಬು ಗೊತ್ತಿದ್ದೋನು ಒಬ್ನೇ. ಮುಂಬಾಗಿಲಲ್ಲಿ ಚಪ್ಪಲಿ ಕಾಯೋ ಗವಿರಂಗಯ್ಯ.

ಈ ಗವಿರಂಗಯ್ಯನ ಹತ್ರ ಇಪ್ಪತ್ತು ಹಿತ್ತಾಳೆ ಬಿಲ್ಲೆ ಇದ್ವು. ಒಂದರಿಂದ ಇಪ್ಪತ್ತು. ಬಂದೋರು ಚಪ್ಪಲಿ ಬಿಡೋರು, ಬಿಲ್ಲೆ ತಗಳೋರು. ಹೋಗೋವಾಗ ಬಿಲ್ಲೆ ಕೊಡೋರು, ಚಪ್ಪಲಿ ಮೆಟ್ಕಳೋರು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬನ ಚಪ್ಪಲಿ ಇನ್ನೊಬ್ಬನ ಕಾಲಿಗೆ ಹೋಗಿರ್ಲಿಲ್ಲ. ಒಂದೇ ಸಲ ಹೋಗಿತ್ತು, ಅದೂ ಇಬ್ರಿಗೂ ಮೊದಲಿಗಿಂತ ಚೆನ್ನಾಗಿ ಕೂತಿತ್ತು. ಇವನ ಎದೆ ಎಷ್ಟು ಉಬ್ಬಿತ್ತು ಅಂದ್ರೆ ಅಂಗಿ ಗುಂಡಿ ಬೆನ್ನಿಗೆ ಹಾಕ್ಕಳೋನು.

ರಾಜ ಕರೆಸಿದ. "ಲೇ ಗವಿರಂಗಯ್ಯ, ಇಪ್ಪತ್ತು ಪೆಟ್ಟಿಗೆಗೂ ನಂಬರ್ ಕೊಡ್ತೀಯ?"

"ಬುದ್ದೀ, ಎರಡು ಕಾಲಿರೋ ಜನಕ್ಕೇ ಕೊಟ್ಟೋನು. ಕಾಲೇ ಇಲ್ಲದೋರಿಗೆ ಕೊಡೋದು ಏನ್ ಮಹಾ?"

"ಒಂದೂ ಬಿಟ್ಟುಹೋಗ್ಬಾರ್ದು. ಎರಡಕ್ಕೆ ಒಂದೇ ನಂಬರ್ ಬರಬಾರ್ದು. ಮಧ್ಯಾಹ್ನದ ಊಟದ ಹೊತ್ತಿಗೆ ಸರಿ ಇರ್ಬೇಕು. ತಪ್ಪಿದ್ಯೋ, ನಿನ್ನ ಹೆಸರು ಕಿತ್ಕಂತೀನಿ."

ಇಲ್ಲಿ ಕೇಳಿ. ರಾಜ ಹೇಳಿದ್ದು ಕರೆಯೋ ಹೆಸರು. ಗವಿರಂಗಯ್ಯನ ಕಿವಿಗೆ ಬಿದ್ದದ್ದು ಹೆಸರುಕಾಳು. ಆ ವರ್ಷ ಅವನ ಮನೇಲಿ ಮೂರು ಸೇರು ಹೆಸರು ಇತ್ತು. ಮೂರು ಸೇರು ಕಾಳಿಗೆ ಯಾರು ಹೆದರ್ತಾರೆ? "ಕಿತ್ಕಳಿ ಬುದ್ದಿ, ಬೇಕಾದ್ರೆ ನಾನೇ ಆರಿಸಿ, ಕಲ್ಲು ತೆಗೆದು ತಂದುಕೊಡ್ತೀನಿ," ಅಂದ. ಎಂಥ ಧೈರ್ಯಸ್ಥ ಅಂತ ರಾಜನೇ ಬೆರಗಾದ.

ಮಾರನೇ ದಿನ ತಿಂಡಿ ಹೊತ್ತಿಗೆ ಗವಿರಂಗಯ್ಯ ಮುಂಬಾಗಿಲಲ್ಲಿ ಬಿಲ್ಲೆ ಹರಡ್ಕಂಡು ಕೂತ. ಪೆಟ್ಟಿಗೆಗಳು ಎದ್ವು. ತಾವು ಯಾರು ಅಂತ ಅವಕ್ಕೇ ಗೊತ್ತಿಲ್ಲ. ಯಾರನ್ನ ಕೇಳ್ಬೇಕು ಅಂತ್ಲೂ ಗೊತ್ತಿಲ್ಲ. ಅದಕ್ಕೇ ಒಂದು ಪೆಟ್ಟಿಗೆ ಗಾಳಿಗೇ ಕೂಗ್ತು:

"ರೀ! ಯಾರಾದ್ರೂ ಇದ್ದೀರಾ? ನಂಗೊಂದು ನಂಬರ್ ಕೊಡ್ರೀ!"

ಇವನು ಕೂತಲ್ಲಿಂದ ಕೂಗ್ದ: "ಮೂರು ಖಾಲಿ ಐತೆ. ಬೇಕೇನವ್ವ?"

"ಮೂರು ನಂಗಿರ್ಲಿ ರೀ!"

"ತಗಳವ್ವ, ಮೂರು ನಿಂದು. ಮಧ್ಯಾಹ್ನದ ಊಟದ ಗಂಟೆವರೆಗೆ."

ನಾಕು ಮಾತು. ಕೇಳೋದು, ತೋರಿಸೋದು, ಒಪ್ಪೋದು, ಕೊಡೋದು. ಅಷ್ಟೇ.

"ಗಂಟೆವರೆಗೆ ಯಾಕೆ ಗವಿರಂಗಯ್ಯ? ಪೂರ್ತಿ ಕೊಟ್ಟುಬಿಡು," ಅಂದ ರಾಜ.

"ಬುದ್ದಿ, ಇದು ಚಪ್ಪಲಿ ಕಸುಬು. ಬಿಲ್ಲೆ ಅನ್ನೋದು ಕೊಡೋದಲ್ಲ, ಹಿಡ್ಕಳಕ್ಕೆ ಬಿಡೋದು. ಪೂರ್ತಿ ಕೊಟ್ರೆ ಸತ್ತೋನ ಜೊತೆಗೇ ಬಿಲ್ಲೇನೂ ಹೋಗುತ್ತೆ. ಅರ್ಧ ಹೊತ್ತಾದಾಗ ಅವರೇ ಕೇಳ್ಬೇಕು, ಇನ್ನೂ ನಂದೇನಾ ಅಂತ. ನಾನು ಹೂಂ ಅಂದ್ರೆ ನಾಳೆ ಊಟದ ಗಂಟೆವರೆಗೆ ಅವರದ್ದೇ. ಹೂಂ ಅನ್ನದಿದ್ರೆ ಗಂಟೆ ಹೊಡೀತಿದ್ದಂಗೆ ನನ್ನ ಬುಟ್ಟಿಗೆ ವಾಪಸ್."

ಹಂಗೇ ನಡೀತು. ದಿನಾ ಹತ್ತು ಗಂಟೆಗೆ "ರೀ, ಮೂರು ಇನ್ನೂ ನಂದೇನಾ?" "ಹೂಂ." "ರೀ, ಏಳು ಇನ್ನೂ ನಂದೇನಾ?" "ಹೂಂ." ಇಪ್ಪತ್ತು ಸಲ ಹೂಂ. ಅಡುಗೆಮನೆಗೆ ಐದು ಬಂತು. ರಾಜನ ಪೆಟ್ಟಿಗೆ "ಐದೂ, ಏನು ಸಾರು?" ಅಂತು. "ಬಸ್ಸಾರು!" ರಾಜನ ಬಾಯಲ್ಲಿ ಬಸ್ಸಾರಿನ ನೀರೇ ಊರ್ತು, ತಟ್ಟೆಗೆ ಬಸ್ಸಾರೇ ಬಿತ್ತು. ಅವತ್ತು ರಾಜ ಅಳ್ಲಿಲ್ಲ. ಊರಿನೋರಿಗೆ ಮಧ್ಯಾಹ್ನ ಏನು ಮಾಡ್ಬೇಕು ಅಂತ್ಲೇ ತಿಳೀದೆ ಸುಮ್ನೆ ಒಬ್ಬರ ಮುಖ ಒಬ್ಬರು ನೋಡ್ಕಂಡು ಕೂತಿದ್ರು.

ಗವಿರಂಗಯ್ಯ ಬೀದೀಲಿ ನಡೆಯೋ ಠೀವಿ ನೋಡ್ಬೇಕಿತ್ತು. "ಅರಮನೆ ಸೊಸೇರು ನನ್ನ ಕೇಳ್ದೆ ಉಸಿರು ಬಿಡಲ್ಲ ಕಣ್ರಲಾ," ಅನ್ನೋನು.

ಇದನ್ನ ಕೇಳಿ ಹೊಟ್ಟೆ ಉರಿದದ್ದು ಅವನ ಬಾಮೈದನಿಗೆ, ಹೆಂಡ್ತಿ ತಮ್ಮ ಓಬಳೇಶನಿಗೆ. "ಬಿಲ್ಲೆ ಕೊಡೋಕೇನು ಕೋಡು ಬರ್ಬೇಕಾ?" ಅಂದ. ರಟ್ಟು ಕತ್ತರಿಸಿ ಇದ್ದಲಲ್ಲಿ ನಂಬರ್ ಬರ್ದು, ಅರಮನೆ ಹಿಂಬಾಗಿಲಲ್ಲಿ ತಾನೂ ಕೂತ. ಒಂದು ಬೆಳಗ್ಗೆ, ಹಿಂದಿನ ದಿನ ಕೇಳಕ್ಕೆ ಮರೆತು ಬಿಲ್ಲೆ ಕಳ್ಕಂಡಿದ್ದ ಬಚ್ಚಲಮನೆ ಪೆಟ್ಟಿಗೆ "ರೀ! ನಂಗೊಂದು ನಂಬರ್!" ಅಂತು. ಹಿಂಬಾಗಿಲು ಹತ್ರ ಇತ್ತು. ಓಬಳೇಶನೇ ಮೊದಲು ಕೂಗ್ದ, "ಐದೈತೆ, ಬೇಕಾ?" ಅದೂ "ಇರ್ಲಿ ರೀ" ಅಂತು.

ಮಧ್ಯಾಹ್ನ ರಾಜನ ಪೆಟ್ಟಿಗೆ ಕೇಳ್ತು. "ಐದೂ, ಏನು ಸಾರು?"

"ಹುಳಿ!"

"ಬಿಸಿನೀರು!"

"ಏಯ್, ಯಾವಳೇ ಅವಳು? ನಾನು ಐದು!"

"ನೀನ್ಯಾವ ಊರ ಐದೇ? ನಾನು ಐದು! ಮೈ ಮೇಲೆ ನೀರು ಹುಯ್ದುಬಿಡ್ತೀನಿ ನೋಡು!"

"ಹುಯ್ಯೇ, ಒಗ್ಗರಣೆ ಹಾಕಿಬಿಡ್ತೀನಿ!"

ಜಗಳ ಬಿಡಿಸೋ ಹೊತ್ತಿಗೆ ರಾಜನ ತಟ್ಟೆಗೆ ಒಂದು ಚೊಂಬು ಬಿಸಿನೀರು ಬಿದ್ದಾಗಿತ್ತು. ಕಲಸ್ದ. ಉಂಡ. ಎರಡನೇ ತುತ್ತಿಗೆ ಗೊತ್ತಾಯ್ತು. ಅಳಕ್ಕೆ ಶುರು ಮಾಡ್ದ, ಊರಿನೋರು ಹಬ್ಬ ಬಂದಂಗೆ ಜೊತೆಗೂಡಿದ್ರು.

ಗವಿರಂಗಯ್ಯ ಮೂರು ಸೇರು ಕಾಳು ಹೊತ್ಕಂಡು ಓಡಿಬಂದ. "ತಪ್ಪಾಯ್ತು ಬುದ್ದಿ. ಮಾತಿಗೆ ತಪ್ಪೋನಲ್ಲ. ಇದೋ, ಹೆಸರು."

ರಾಜ ಚೀಲ ಬಗ್ಗಿ ನೋಡ್ದ. "ಇದ್ಯಾಕೋ?"

"ತಾವೇ ಕೇಳಿದ್ರಲ್ಲ. ತಪ್ಪಿದ್ರೆ ಹೆಸರು ಅಂತ."

"ಲೇ ಮಂಕೆ! ಕಾಳಲ್ಲ ಕಣೋ. ನಿಮ್ಮಜ್ಜ ಇಟ್ಟ ಹೆಸರು. ಗವಿರಂಗಯ್ಯ ಅಂತಾರಲ್ಲ, ಅದು."

ಗವಿರಂಗಯ್ಯನ ಎದೆ ಇಳೀತು. ಬೆನ್ನಿಗಿದ್ದ ಗುಂಡಿ ತಾನಾಗೇ ಮುಂದಕ್ಕೆ ಬಂತು. ಯಾಕೆ ಗೊತ್ತಾ? ಅವನಿಗೆ ಹೊಲ ಇಲ್ಲ, ಮನೆ ಬಾಡಿಗೇದು, ಕಾಯೋ ಚಪ್ಪಲಿ ಇನ್ನೊಬ್ಬರದ್ದು. ಅಜ್ಜ ಸಾಯೋವಾಗ ಬಿಟ್ಟುಹೋದ ಆಸ್ತಿ ಅಂದ್ರೆ ಆ ಹೆಸರೊಂದೇ. ಅಜ್ಜನೂ ಗವಿರಂಗಯ್ಯನೇ. ದಿನಾ ಬೆಳಗ್ಗೆ ಎದ್ದು ಒಂದ್ಸಲ ತನ್ನ ಹೆಸರು ತಾನೇ ಕರ್ಕಂಡು, "ಓ" ಅನ್ಕಂಡು, ಆಮೇಲೇ ಮುಖ ತೊಳೀತಿದ್ದ.

"ಬುದ್ದಿ, ಹೊಟ್ಟೆಪಾಡಿನೋನು. ಇದೊಂದ್ಸಲ ಬಿಟ್ಟುಬಿಡಿ."

"ಇದೊಂದೇ ಸಲ. ಇನ್ನೊಂದ್ಸಲ ತಪ್ಪಿದ್ರೆ ಬೇರುಸಮೇತ ಕೀಳಿಸ್ತೀನಿ. ಆ ಕಾಳು ಅಡುಗೆಮನೆಗೆ ಕೊಟ್ಟು ಹೋಗು."

ಮಾರನೇ ಬೆಳಗ್ಗೆ ಗವಿರಂಗಯ್ಯ ಸೀದಾ ಹಿಂಬಾಗಿಲಿಗೆ ಹೋದ. ಓಬಳೇಶ ಬಿಸಿಲಲ್ಲಿ ಕೂತಿದ್ದ.

"ಬಾ ಭಾವ. ಏನ್ ಸಮಾಚಾರ?"

"ಏನಿಲ್ಲ ಕಣಪ್ಪ. ನಿನ್ನ ಚಪ್ಪಲಿ ಚೆನ್ನಾಗವೆ. ಬಿಲ್ಲೆ ತಗಂಡು ಬಿಡು, ನಾನೇ ಕಾಯ್ತೀನಿ. ನಿನ್ನತ್ರ ಕಾಸು ಇಸ್ಕಳಲ್ಲ."

ಪುಕ್ಕಟೆ ಅಂದ್ರೆ ಓಬಳೇಶ ಜ್ವರಾನೂ ತಗಳೋನೇ. ಚಪ್ಪಲಿ ಬಿಟ್ಟ. ಸಾಯಂಕಾಲ ಬಂದು ಕೇಳ್ದ, "ಭಾವ, ಚಪ್ಪಲಿ." "ಬಿಲ್ಲೆ ತೋರ್ಸು." ಓಬಳೇಶ ಬಿಲ್ಲೆ ತೋರಿಸ್ದ. "ಇದು ಊಟದ ಗಂಟೆವರೆಗೆ ಮಾತ್ರ ಇತ್ತು. ಅರ್ಧ ಹೊತ್ತಿಗೆ ಬಂದು ಕೇಳಿದ್ಯಾ, ಇನ್ನೂ ನಂದೇನಾ ಅಂತ?" ಕೇಳಿರ್ಲಿಲ್ಲ. ಚಪ್ಪಲಿ ಹೋಯ್ತು. ಮಾರನೇ ದಿನ ಹಿಂಬಾಗಿಲ ಚಪ್ಪಡಿ ಕಲ್ಲು ಹೆಂಚಿನಂಗೆ ಕಾದಿತ್ತು. ಬರಿಗಾಲಲ್ಲಿ ನಾಕು ಹೆಜ್ಜೆ ಕುಣಿದು, "ನಿನ್ನ ಬಿಲ್ಲೆ ನಿನ್ನ ತಲೆ ಮೇಲೆ ಬೀಳ್ಲಿ" ಅಂತ ಬಯ್ಕಂಡು ಓಬಳೇಶ ವಾಪಸ್ ಹೋದೋನು ಆ ಕಡೆ ತಲೆ ಹಾಕ್ಲಿಲ್ಲ.

ಗವಿರಂಗಯ್ಯ ಇನ್ನೂ ಹುಷಾರಾದ. ಬಿಲ್ಲೆ ಕೊಡೋ ಮೊದಲು ಕೂಗೋನು, "ಐದು ಯಾರಾದ್ರೂ ಇದ್ದೀರೇನವ್ವ?" ಯಾರೂ ಓ ಅನ್ನದಿದ್ರೆ ಮಾತ್ರ ಐದು ಕೊಡೋನು. ಹದಿನೈದು ದಿನ ಒಂದು ಕೂದಲೆಳೆ ಹೆಚ್ಚುಕಮ್ಮಿ ಆಗ್ಲಿಲ್ಲ. ಹೆಸರು ಭದ್ರ ಅಂದ್ಕಂಡ.

ಹದಿನಾರನೇ ದಿನ ರಾಣಿ ತವರಿಂದ ಉಡುಗೊರೆ ಬಂತು. ಬುಟ್ಟಿ ತುಂಬ ಚಕ್ಲಿ, ಕೋಡುಬಳೆ, ಅದರ ಮೇಲೆ ಇಪ್ಪತ್ತೊಂದನೇ ಪೆಟ್ಟಿಗೆ. ಸೇರು ನೂಕ್ಕಂಡು ಜಂಬವಾಗಿ ಒಳಗೆ ಬಂತು. ತವರು ದೊಡ್ಡದು ನೋಡಿ. ಖಜಾನೆ ಕೋಣೇಲಿ ಇಟ್ರು.

"ರೀ! ನಂಗೊಂದು ನಂಬರ್ ಕೊಡ್ರೀ!"

ಗವಿರಂಗಯ್ಯ ಬುಟ್ಟಿಗೆ ಕೈ ಹಾಕ್ದ. ಖಾಲಿ.

ಹೊಸ ಬಿಲ್ಲೆ ಮಾಡಿಸ್ಬೋದಿತ್ತಲ್ಲ ಅಂತೀರಿ. ಹಿತ್ತಾಳೆ ಕೆಲಸದೋರ ಬೀದಿ, ಪಕ್ಕದೂರೋರು ಇಸ್ಕಂಡು ಹೋದ ಕಾಲುಭಾಗದಲ್ಲಿತ್ತು. ಯಾವುದಾದ್ರೂ ಪೆಟ್ಟಿಗೆ ಮರೀಲಿ, ಒಂದು ಬಿಲ್ಲೆ ವಾಪಸ್ ಬರ್ಲಿ ಅಂತ ಕಾದ. ಈಗ ಎಲ್ಲಾ ಒಳ್ಳೆ ಮನೆ ಸೊಸೇರು. ಹತ್ತು ಗಂಟೆ ಅಂದ್ರೆ ಹತ್ತು ಗಂಟೆಗೇ ಸಾಲಾಗಿ, "ರೀ, ಇನ್ನೂ ನಂದೇನಾ?" ಹೂಂ ಅನ್ನದಿರೋಣ ಅಂದ್ರೆ ಯಾವುದಕ್ಕೆ? ಅಡುಗೆಮನೆಗಾ? ಬಚ್ಚಲಿಗಾ? ರಾಜನ ಮಂಚಕ್ಕಾ? ಯಾವುದಕ್ಕೆ ತಪ್ಪಿಸಿದ್ರೂ ಒಂದು ಪೆಟ್ಟಿಗೆ ನಂಬರಿಲ್ದೆ ಉಳಿಯೋದೇ.

ಹೊಸಬಳು ಕೂಗಿ ಕೂಗಿ ಸಾಕಾಗಿ ಕೊನೆಗೆ, "ಯಾರೂ ಕೊಡದಿದ್ರೆ ನಾನೇ ಇಟ್ಕಂತೀನಿ. ನಾನು ನೂರ ಅರವತ್ತೊಂಬತ್ತು!" ಅಂತು. ಆ ನಂಬರು ಆ ಊರಲ್ಲಿ ಯಾರಿಗೂ ಗೊತ್ತಿಲ್ಲ. ಇಪ್ಪತ್ತರ ಮೇಲೆ ಆ ಊರಿಗೆ ಲೆಕ್ಕವೇ ಇಲ್ಲ. ಮಾತಾಡಿದ್ರೆ ಯಾರಿಗೂ ಕೇಳಲ್ಲ, ಯಾರು ಮಾತಾಡಿದ್ರೂ ಅದಕ್ಕೆ ಕೇಳಲ್ಲ. ಒಂದೇ ಕೂತ್ಕಂಡು ತನಗೆ ತಾನೇ ಗೊಣಗ್ತಿತ್ತು.

ಊಟದ ಗಂಟೆ ಹೊಡೀತು. ರಾಜ ಕೇಳ್ದ, "ಎಲ್ಲರಿಗೂ ನಂಬರ್ ಐತಾ?"

"ಇಪ್ಪತ್ತಕ್ಕೆ ಐತೆ ಬುದ್ದಿ," ಅಂದ ಗವಿರಂಗಯ್ಯ.

"ಇರೋದು ಎಷ್ಟು?"

"ಇಪ್ಪತ್ತು... ಮತ್ತೆ ಇನ್ನೊಂದು ಚೂರು."

ರಾಜ ಕ್ಷೌರದೋನ್ನ ಕರೆಸಿದ. ಅವನು ಚಿಮ್ಮಟ ತಂದ. ಗವಿರಂಗಯ್ಯನ ಬಲಗಿವಿಗೆ ಚಿಮ್ಮಟ ಇಳಿಬಿಟ್ಟು, "ಗವಿರಂಗಯ್ಯಾ!" ಅಂತ ಕರ್ದ. ಇವನು ಅಭ್ಯಾಸಬಲಕ್ಕೆ "ಓ" ಅನ್ನಕ್ಕೆ ಹೋದಾಗ ಹೆಸರು ಕಿವಿ ಬಾಗಿಲಿಗೆ ಬಂತು. ಗಬಕ್ಕನೆ ಹಿಡಿದು ಎಳೆದ. ಬಂತು ನೋಡಿ, ಉದ್ದಕ್ಕೆ, ಯ್ಯ-ಕಾರದ ಬಾಲ ಸಮೇತ. ಇನ್ನೂ ಬೆಚ್ಚಗಿತ್ತು. ಮುತ್ತುಗದ ಎಲೇಲಿ ಸುತ್ತಿ, ಒಂಚೂರು ತುಪ್ಪ ಸವರಿ, ಖಜಾನೆ ಪೆಟ್ಟಿಗೆ ಬಾಯೊಳಗೆ ಇಟ್ರು. "ನಂಬರಿಲ್ಲದಿದ್ರೆ ಇದನ್ನೇ ಇಟ್ಕಳಮ್ಮ. ಸೊಸೆ ಹೆಸರು ಹೇಳಂಗಿಲ್ಲ, ಇಟ್ಕಳಕ್ಕೆ ಅಡ್ಡಿ ಇಲ್ಲ," ಅಂದ್ಲು ದೊಡ್ಡವ್ವಾರು.

"ಗವಿರಂಗಯ್ಯಾ!" ಅಂತ ಕರ್ದ ರಾಜ.

"ಬಂದೆ ರೀ!" ಅಂತು ಪೆಟ್ಟಿಗೆ.

ಮುಂಬಾಗಿಲಲ್ಲಿ ನಿಂತಿದ್ದೋನಿಗೆ ಏನೂ ಕೇಳಿಸ್ಲೇ ಇಲ್ಲ. ಯಾರನ್ನೋ ಕರೀತಾವ್ರೆ ಅಂದ್ಕಂಡ.

ಅಲ್ಲಿಂದ ಅವನನ್ನ ಚಪ್ಪಲಿಯೋನು ಅಂತ್ಲೇ ಅನ್ಬೇಕಾಯ್ತು. ಚಪ್ಪಲಿಯೋನು ಅಳ್ತಾ ಮನೆಗೆ ಬಂದ. ಹೆಂಡ್ತಿ ಪುಟ್ಟಲಕ್ಕಮ್ಮ ಮುದ್ದೆ ತಿರುವ್ತಾ ಇದ್ಲು.

"ಓಯ್, ಕಾಲು ತೊಳ್ಕಂಡು ಬಾ. ಯಾಕಂಗೆ ಮುಖ?"

"ಹೆಸರು ಹೋಯ್ತು ಕಣೇ."

"ಇನ್ನೇನು ಹೋಗೋದು? ಹದಿನೈದು ದಿನದ ಹಿಂದೇನೇ ಮೂರು ಸೇರೂ ಸುರಿದು ಬಂದ್ಯಲ್ಲ. ಒಂದು ಹಿಡಿ ಬಿಟ್ಟಿದ್ಯಾ ಸಾರಿಗೆ?"

"ಕಾಳಲ್ಲ ಕಣೇ. ನನ್ನ ಹೆಸರು. ನನ್ನ ಕರೆಯೋ ಹೆಸರು."

ಪುಟ್ಟಲಕ್ಕಮ್ಮ ಕೋಲು ಒರಗಿಸಿ ನಿಂತ್ಲು. "ಅದನ್ನ ಕಟ್ಕಂಡು ನಂಗೇನಾಗ್ಬೇಕು? ಮದುವೆ ಆದಾಗಿಂದ ಒಂದ್ಸಲನಾದ್ರೂ ಅದು ನನ್ನ ಬಾಯಲ್ಲಿ ಬಂದೈತಾ? ಓಯ್ ಅಂತೀನಿ, ಬತ್ತೀಯ. ಅದಿಲ್ದೇನೇ ಮೂರು ಮಕ್ಕಳ ಮದುವೆ ಮಾಡಿವ್ನಿ. ಉಣ್ಣು."

ಉಂಡ. ಸ್ವಲ್ಪ ಸ್ವಲ್ಪ ಸಮಾಧಾನವೂ ಆಯ್ತು. ಬೆಳಗ್ಗೆ ಎದ್ದು ತನ್ನ ತಾನೇ ಕರ್ಕಳಕ್ಕೆ ಹೋದ. ಬಾಯಿ ತೆರೀತು, ಒಳಗೆ ಏನೂ ಇರ್ಲಿಲ್ಲ. "ಓಯ್" ಅನ್ಕಂಡು ನೋಡ್ದ. ಪಕ್ಕದ ಮನೆಯೋನು "ಏನೇ?" ಅಂದ.

ಆದ್ರೂ ಪರವಾಗಿಲ್ಲ ಅಂತ ಇದ್ನೋ ಏನೋ. ತಿಂಗಳ ಒಂದನೇ ತಾರೀಖು ಬಂತು. ಖಜಾನೆ ಕೋಣೇಲಿ ಸಂಬಳ. ಗುಮಾಸ್ತ ಪಟ್ಟಿ ಹಿಡ್ಕಂಡು ಕರ್ದ.

"ಗವಿರಂಗಯ್ಯ!"

"ಬಂದೆ ರೀ!" ಅಂತು ಪೆಟ್ಟಿಗೆ.

"ಸ್ವಾಮಿ, ನಾನು ಇಲ್ಲಿದ್ದೀನಿ," ಅಂದ ಚಪ್ಪಲಿಯೋನು.

"ನೀನ್ಯಾರಯ್ಯ?"

"ನಾನೇ... ಅವನು. ದಿನಾ ಬಾಗಿಲಲ್ಲಿ ನಿಮ್ಮ ಚಪ್ಪಲಿ ಇಸ್ಕಳಲ್ವ?"

"ಇಸ್ಕಂತೀಯ. ಹೆಸರು ಹೇಳು."

"ಅದೇ... ಹೇಳಕ್ಕಿಲ್ಲ."

"ನೀನೂ ಸೊಸೇನಾ? ಸರಿ ಅತ್ಲಾಗೆ." ಗುಮಾಸ್ತ ಸಂಬಳಾನ ಪೆಟ್ಟಿಗೆ ಬಾಯಿಗೆ ಹಾಕ್ದ. ಗುಳುಂ ಅಂತ ನುಂಗ್ತು. ಹೆಬ್ಬೆಟ್ಟು ಒತ್ತು ಅಂದ, ಮೂತಿ ಒತ್ತಿತು.

ಹಿಂಗೇ ಆರು ತಿಂಗಳು ಆಯ್ತು. ಪುಟ್ಟಲಕ್ಕಮ್ಮ ಈಗ ಓಯ್ ಅನ್ನೋದನ್ನೂ ಬಿಟ್ಟಿದ್ಲು. ಹಿಟ್ಟಿನ ಮಡಕೆ ಮುಂದಿಟ್ಟು ತೋರಿಸೋಳು, ಖಾಲಿ.

ಚಪ್ಪಲಿಯೋನು ರಾಜನ ಕಾಲಿಗೆ ಬೀಳ್ಬೇಕು ಅಂತ ಹೋದ, ಕಾಲು ಕಂಬಳಿ ಒಳಗಿತ್ತು. ಕಂಬಳಿಗೇ ಬಿದ್ದ. ರಾಜನಿಗೆ ಅವತ್ತು ಬಿಡುವೇ ಇರ್ಲಿಲ್ಲ. ಅಡುಗೆಮನೇಲಿ ಮೂಲೇಲಿದ್ದ ಅದೇ ಮೂರು ಸೇರು ಹೆಸರುಕಾಳು ಬೇಯಿಸಿದ್ರು. "ಐದೂ, ಏನು ಸಾರು?" ಅಂದ್ರೆ ಐದು ನಾಚ್ಕಂಡು, "ಹೇಳಂಗಿಲ್ಲ ರೀ, ಹೆಸರು ಹೇಳ್ದಂಗಾಗುತ್ತೆ," ಅಂತಿತ್ತು. ರಾಜ ಯಾವ ನೀರು ಊರಿಸೋದು ಅಂತ ಒದ್ದಾಡ್ತಿದ್ದ. "ನನ್ನ ಹತ್ರ ಬರಬೇಡ ಹೋಗೋ. ಬಿಲ್ಲೆ ಕಾನೂನು ನಿಂದೇ ತಾನೇ? ಹೆಸರೂ ಬಿಲ್ಲೆ ಲೆಕ್ಕದಲ್ಲೇ ಹೋಗೈತೆ. ವಾಪಸ್ ಬೇಕಾದ್ರೆ ಅದರಂಗೇ ಇಸ್ಕ," ಅಂತ ಗದರಿ ಕಳಿಸ್ದ.

ಚಪ್ಪಲಿಯೋನು ಬಾಗಿಲಿಗೆ ಬಂದು ಕೂತ. ಆಗ ಅವನ ತಲೇಗೆ ಹೊಳೀತು. ದಿನಾ ಹತ್ತು ಗಂಟೆಗೆ ಇಪ್ಪತ್ತೊಂದು ಪೆಟ್ಟಿಗೆ ಕೇಳ್ತವೆ, ಇಪ್ಪತ್ತೊಂದು ಸಲ ತಾನು ಹೂಂ ಅಂತಾನೆ. ಇಪ್ಪತ್ತೊಂದನೇದು ಏನು ಕೇಳ್ತಿತ್ತು? "ರೀ, ಹೆಸರು ಇನ್ನೂ ನಂದೇನಾ?" ತಾನು ಏನಂತಿದ್ದ? ಹೂಂ. ಆರು ತಿಂಗಳಿಂದ, ದಿನಾ, ತನ್ನ ಹೆಸರನ್ನ ತಾನೇ ಹೂಂ ಅಂತ ಅಂದು ಕೊಡ್ತಾ ಬಂದವ್ನೆ!

"ನಾಳೆ ಹೂಂ ಅನ್ನಲ್ಲ," ಅಂದ. "ಹತ್ತು ಗಂಟೆಯಿಂದ ಊಟದ ಗಂಟೆವರೆಗೆ ಬಾಯಿ ಬಿಡಲ್ಲ. ಗಂಟೆ ಹೊಡೀತಿದ್ದಂಗೆ ಹೆಸರು ನನ್ನ ಬುಟ್ಟಿಗೆ. ಅವತ್ತೇ ಒಂದನೇ ತಾರೀಖು. ಸಂಬಳವೂ ನಂದೇ."

ಮಾರನೇ ದಿನ ಹತ್ತು ಗಂಟೆ. ಇಪ್ಪತ್ತಕ್ಕೂ ಹೂಂ ಅಂದ. ಇಪ್ಪತ್ತೊಂದನೇದು ಬಂತು.

"ರೀ, ಹೆಸರು ಇನ್ನೂ ನಂದೇನಾ?"

ತುಟಿ ಬಿಗಿ ಹಿಡ್ದ.

"ರೀ, ಕೇಳಿಸ್ಲಿಲ್ವಾ? ಇನ್ನೂ ನಂದೇನಾ?"

ಕೆನ್ನೆ ಉಬ್ಬಿಸಿದ. ಹನ್ನೊಂದು ಗಂಟೆಗೆ ಕೇಳ್ತು. ಹನ್ನೊಂದೂವರೆಗೆ ಕೇಳ್ತು. ಆಮೇಲೆ ಇವನನ್ನ ಬಿಟ್ಟು ಊರಿಗೇ ಕೂಗ್ತು, "ರೀ! ಯಾರಾದ್ರೂ ಹೂಂ ಅನ್ರೀ!" ಊರಿನೋರು ಊಟದ ಹೊತ್ತಿಗೆ ಅಳಬೇಕೋ ಬೇಡವೋ ಅಂತ ರಾಜನ ಕಡೆ ಕಿವಿ ಕೊಟ್ಟಿದ್ರು, ಯಾರೂ ಮಾತಾಡ್ಲಿಲ್ಲ. ಯಾರೋ ಬಂದು ಚಪ್ಪಲಿ ಕೇಳಿದ್ರು. ಸನ್ನೇಲೇ ಕೊಟ್ಟ. ಒಂದು ಎಡದ್ದು ಇನ್ನೊಂದೂ ಎಡದ್ದು ಹೋಯ್ತು, ಆದ್ರೂ ಬಾಯಿ ಬಿಡ್ಲಿಲ್ಲ. ನೊಣ ಮೂಗಿನ ಮೇಲೆ ಕೂತ್ರೂ ಬಿಡ್ಲಿಲ್ಲ. ಗಂಟೆ ಹೊಡೆಯೋನು ಮೆಟ್ಲು ಹತ್ತಕ್ಕೆ ಶುರು ಮಾಡ್ದ. ಇನ್ನು ಹತ್ತು ಮೆಟ್ಲು. ಏಳು ಮೆಟ್ಲು. ಚಪ್ಪಲಿಯೋನ ಕಣ್ಣಲ್ಲಿ ಅಜ್ಜ ಕಾಣಿಸ್ದ. ಐದು ಮೆಟ್ಲು.

ಆಗ ಪೆಟ್ಟಿಗೆ ಬೇರೆ ದನಿಯಲ್ಲಿ, ಮೆತ್ತಗೆ, ಒಂದು ಮಗೂನ ತೊಡೆ ಮೇಲೆ ಕೂರಿಸ್ಕಂಡಂಗೆ ಅಂತು:

"ಹೋಗ್ಲಿ ಬುಡ್ರೀ. ಇನ್ನು ಕೇಳಲ್ಲ. ಹೊತ್ತು ಹೋಗ್ಲಿ ಅಂತ ಒಂದು ಕತೆ ಹೇಳ್ತೀನಿ. ಒಂದಾನೊಂದು ಊರಲ್ಲಿ..."

ಮೂರು ಮೆಟ್ಲು.

"...ಒಬ್ಬ ಚಪ್ಪಲಿ ಕಾಯೋನಿದ್ದ..."

"ಹೂಂ," ಅಂದ.

ಕತೆ ಹೇಳಿದ್ರೆ ಹೂಂ ಅನ್ನದೆ ಇರಕ್ಕಾಗುತ್ತೇನ್ರಪ್ಪ? ಹುಟ್ಟಿದಾಗಿಂದ ಅಜ್ಜಿ ತೊಡೆ ಮೇಲೆ ಕಲ್ತ ಹೂಂ ಅದು. ಹೂಂಗುಟ್ಟದಿದ್ರೆ ಕತೆ ನಿಂತೋಗುತ್ತೆ ಅಂತ ಹೆದರಿಸಿ ಕಲಿಸಿದ್ದು. ನೀವೂ ಈಗ ಅಂತಾನೇ ಇದ್ದೀರಲ್ಲ.

"ನಂದೇ ರೀ," ಅಂತು ಪೆಟ್ಟಿಗೆ. ಟಣ್ ಅಂತ ಗಂಟೆ ಹೊಡೀತು. ಒಳಗಿಂದ ಗುಮಾಸ್ತ ಕರ್ದ, "ಗವಿರಂಗಯ್ಯ!" "ಬಂದೆ ರೀ!" ಗುಳುಂ. ಅದು ಏಳನೇ ತಿಂಗಳಿನದು.

ಆ ಪೆಟ್ಟಿಗೆ ಅಲ್ಲಿ ಹೆಸರು ಹೊತ್ಕಂಡು ಕೂತೈತೆ, ನಾವು ಇಲ್ಲಿ ಬೂದಿ ಕೆದಕ್ಕಂಡು ಕೂತಿದ್ದೀವಿ. ಇದರ ನೀತಿ ಏನಪ್ಪಾ ಅಂದ್ರೆ, ಸಂಬಳ ಕೈಗೆ ಬರೋ ಮುಂಚೆ ಎಂಥ ಒಳ್ಳೆ ಕತೆಗೂ ಹೂಂ ಅನ್ಬಾರ್ದು. ತಿಂಗಳಿಗೆ ಹದಿಮೂರು ರೂಪಾಯಿ ಆರಾಣೆ, ಏಳು ತಿಂಗಳಿಗೆ ಕೂಡಿಸ್ಕಳಿ. ಒಟ್ಟು ಹೋದದ್ದು ತೊಂಬತ್ಮೂರು ರೂಪಾಯಿ ಹತ್ತಾಣೆ.